ಆಕ್ಸ್‌ಫರ್ಡ್‌ಗೆ ಹೊರಡುವ ಮುನ್ನ

ದ್ವಿತೀಯ ಪಿಯುಸಿ ಫಲಿತಾಂಶ ಕೈಗೆ ಬಂದ ದಿನ ಆಕ್ಸ್‌ಫರ್ಡ್ ಬಗ್ಗೆ ವಿಚಾರಿಸಲು ಹೊರಡುವ ಮನೆಗಳಿವೆ. ಅಷ್ಟು ಹೊತ್ತಿಗೆ ಆ ವರ್ಷದ ಬಾಗಿಲು ಮುಚ್ಚಿ ತಿಂಗಳುಗಳೇ ಕಳೆದಿರುತ್ತವೆ. ಬುದ್ಧಿವಂತ ಮಕ್ಕಳು ಬರೀ ಮಾಹಿತಿಯಿಲ್ಲದೆ ಅವಕಾಶ ಕಳೆದುಕೊಳ್ಳುವುದು ನನಗೆ ಬಹಳ ಬೇಸರ ತರುವ ಸಂಗತಿ. ಆದ್ದರಿಂದ ಈ ಬರಹ.

ತಪ್ಪು ಕಲ್ಪನೆ: ಅಂಕ ಬಂದ ಮೇಲೆ ಅರ್ಜಿ ಹಾಕಿದರಾಯಿತು.

ವಾಸ್ತವ: ಕೋರ್ಸ್ ಆರಂಭವಾಗುವುದರ ಹಿಂದಿನ ವರ್ಷದ ಅಕ್ಟೋಬರ್ 15ರೊಳಗೆ ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಪಡೆಯುವ ‘ಯುಕಾಸ್’ ಸಂಸ್ಥೆಯ ಮೂಲಕ ಅರ್ಜಿ ಸೇರಬೇಕು. ಅಂದರೆ ಹನ್ನೆರಡನೆಯ ತರಗತಿಯಲ್ಲಿ ಓದುತ್ತಿರುವಾಗಲೇ. ಇಷ್ಟು ಅಂಕ ಬರಬಹುದೆಂದು ಅಧ್ಯಾಪಕರು ಅಂದಾಜು ಬರೆದುಕೊಡುತ್ತಾರೆ. ಹಲವು ವಿಷಯಗಳಿಗೆ ಪ್ರವೇಶ ಪರೀಕ್ಷೆಯಿದೆ. ಡಿಸೆಂಬರಿನಲ್ಲಿ ಸಂದರ್ಶನ, ಜನವರಿಯಲ್ಲಿ ಉತ್ತರ. ಒಂದೇ ವರ್ಷ ಆಕ್ಸ್‌ಫರ್ಡ್‌ಗೂ ಕೇಂಬ್ರಿಜ್‌ಗೂ ಪದವಿಗೆ ಅರ್ಜಿ ಹಾಕುವಂತಿಲ್ಲ, ಒಂದನ್ನೇ ಆರಿಸಿಕೊಳ್ಳಬೇಕು. ನಮ್ಮ ರಾಜ್ಯದ ಪಠ್ಯಕ್ರಮದಲ್ಲಿ ಓದುವವರು ಇನ್ನೊಂದು ಕೆಲಸವನ್ನು ಎಲ್ಲಕ್ಕಿಂತ ಮೊದಲು ಮಾಡಬೇಕು: ತಮ್ಮ ಮಂಡಳಿಯ ಅಂಕಪಟ್ಟಿ ಅಲ್ಲಿ ನಡೆಯುತ್ತದೆಯೇ ಎಂದು ವಿಶ್ವವಿದ್ಯಾಲಯದ ಅರ್ಹತಾ ಪಟ್ಟಿಯಲ್ಲಿ ನೋಡಿಕೊಳ್ಳಬೇಕು. ಎಲ್ಲ ಮಂಡಳಿಗಳನ್ನೂ ಅವರು ಒಂದೇ ತೂಕದಲ್ಲಿ ತೂಗುವುದಿಲ್ಲ.

ತಪ್ಪು ಕಲ್ಪನೆ: ಆಕ್ಸ್‌ಫರ್ಡ್ ಎಂದರೆ ಒಂದು ದೊಡ್ಡ ಕ್ಯಾಂಪಸ್.

ವಾಸ್ತವ: ಊರಿನೊಳಗೇ ಹರಡಿಕೊಂಡ ಮೂವತ್ತಕ್ಕೂ ಹೆಚ್ಚು ಕಾಲೇಜುಗಳ ಒಕ್ಕೂಟ ಅದು. ಅಲ್ಲಿ 1096ರ ಹೊತ್ತಿಗೇ ಪಾಠ ನಡೆಯುತ್ತಿತ್ತು. ಇಂಗ್ಲೆಂಡಿನ ವಿದ್ಯಾರ್ಥಿಗಳು ಪ್ಯಾರಿಸ್‌ಗೆ ಹೋಗಿ ಓದಬಾರದೆಂದು 1167ರಲ್ಲಿ ಎರಡನೆಯ ಹೆನ್ರಿ ತಡೆ ಹಾಕಿದ ಮೇಲೆ ವಿಶ್ವವಿದ್ಯಾಲಯ ಬೇಗ ಬೆಳೆಯಿತು. ಪಠ್ಯಕ್ರಮ, ಉಪನ್ಯಾಸ, ಪ್ರಯೋಗಾಲಯ, ಪರೀಕ್ಷೆ, ಪದವಿ ವಿಶ್ವವಿದ್ಯಾಲಯದ ಹೊಣೆ. ಕೋಣೆ, ಊಟದ ಸಾಲೆ, ಸಣ್ಣ ಗ್ರಂಥಾಲಯ, ಪಾಠ ಹೇಳುವ ಟ್ಯೂಟರ್ ಕಾಲೇಜಿನ ಹೊಣೆ. ಯಾವ ಕಾಲೇಜು ಎಂದು ತಲೆ ಕೆಡಿಸಿಕೊಳ್ಳುವವರು ಕಾಲೇಜಿನ ಹೆಸರು ಬರೆಯದೆಯೂ ಅರ್ಜಿ ಹಾಕಬಹುದು. ಕೇಳಿದ ಕಾಲೇಜು ಬಿಟ್ಟು ಬೇರೊಂದು ಕಾಲೇಜಿನಿಂದ ಸೀಟು ಸಿಗುವುದೂ ಸಾಮಾನ್ಯ.

ತಪ್ಪು ಕಲ್ಪನೆ: ಹೆಸರಾಂತ ಪ್ರಾಧ್ಯಾಪಕರ ಉಪನ್ಯಾಸ ಕೇಳುವುದೇ ಅಲ್ಲಿನ ಓದು.

ವಾಸ್ತವ: ಉಪನ್ಯಾಸಗಳಿವೆ. ಆದರೆ ಓದಿನ ಜೀವ ಇರುವುದು ಟ್ಯುಟೋರಿಯಲ್‌ನಲ್ಲಿ. ಸಾಮಾನ್ಯವಾಗಿ ಇಬ್ಬರು ಮೂವರು ವಿದ್ಯಾರ್ಥಿಗಳು, ಎದುರಿಗೆ ಒಬ್ಬ ಅಧ್ಯಾಪಕರು, ಸುಮಾರು ಒಂದು ಗಂಟೆ. ಆ ವಾರ ಕೊಟ್ಟ ಪುಸ್ತಕಗಳನ್ನು ಓದಿ ಪ್ರಬಂಧ ಬರೆದುಕೊಂಡು ಹೋಗಬೇಕು. ಗಣಿತ, ವಿಜ್ಞಾನದವರಾದರೆ ಲೆಕ್ಕ ಬಿಡಿಸಿಕೊಂಡು. ಆಮೇಲೆ ಶುರುವಾಗುತ್ತದೆ ಪ್ರಶ್ನೆಗಳ ಸುರಿಮಳೆ. ಈ ಮಾತು ಎಲ್ಲಿಂದ ಬಂತು? ಇದಕ್ಕೆ ಆಧಾರವೇನು? ಇದು ನಿಜವಾದರೆ ಮೊದಲ ಪುಟದಲ್ಲಿ ಬರೆದದ್ದು ನಿಲ್ಲುತ್ತದೆಯೇ? ಕೊನೆಯ ಬೆಂಚಿನಲ್ಲಿ ಕೂತು ಟಿಪ್ಪಣಿ ಬರೆದುಕೊಂಡು ಪರೀಕ್ಷೆಗೆ ಉರುಹೊಡೆಯುವ ರೂಢಿ ಇಲ್ಲಿ ಒಂದು ವಾರವೂ ನಡೆಯದು. ಹದಿನೆಂಟರ ಹುಡುಗಿಯೊಬ್ಬಳ ಅರೆಬೆಂದ ವಾದವನ್ನು ಆ ವಿಷಯದಲ್ಲೇ ಆಯುಸ್ಸು ಕಳೆದವರು ಕಿವಿಗೊಟ್ಟು ಕೇಳಿ, ತಪ್ಪಿದ್ದಲ್ಲಿ ತಡೆದು ತಿದ್ದುತ್ತಾರೆ. ಆ ವಿಶ್ವವಿದ್ಯಾಲಯ ಕೊಡುವುದರಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣುವುದಿಲ್ಲ. ಹಳೆಯ ಕಲ್ಲುಕಟ್ಟಡಗಳನ್ನು ಪ್ರವಾಸಿಗರೂ ನೋಡಿ ಬರಬಹುದು.

ಒಂದು ಅವಧಿ ಎಂಟೇ ವಾರ, ವರ್ಷಕ್ಕೆ ಮೂರು ಅವಧಿ: ಮೈಕಲ್‌ಮಸ್, ಹಿಲರಿ, ಟ್ರಿನಿಟಿ. ಕಡಿಮೆ ಅನ್ನಿಸಿದರೂ ಆ ಎಂಟು ವಾರ ಉಸಿರಾಡಲು ಬಿಡುವುದಿಲ್ಲ. ರಜೆಯ ಬಹುಪಾಲೂ ಓದಿಗೇ ಹೋಗುತ್ತದೆ. 1602ರಲ್ಲಿ ತೆರೆದ ಬಾಡ್ಲಿಯನ್ ಗ್ರಂಥಾಲಯ ಜತೆಗಿರುತ್ತದೆ. ಅಲ್ಲಿನ ಹಳೆಯ ಕಟ್ಟಳೆಯ ಪ್ರಕಾರ ಪುಸ್ತಕವನ್ನು ಅಲ್ಲೇ ಕೂತು ಓದಬೇಕು. 1645ರಲ್ಲಿ ದೊರೆ ಮೊದಲನೆಯ ಚಾರ್ಲ್ಸ್ ಎರವಲು ಕೇಳಿದಾಗಲೂ ಪುಸ್ತಕ ಹೊರಗೆ ಹೋಗಲಿಲ್ಲ. ಮನೆಗೆ ಒಯ್ಯಲು ಕಾಲೇಜಿನ ಗ್ರಂಥಾಲಯವಿದೆ.

ತಪ್ಪು ಕಲ್ಪನೆ: ಸಂದರ್ಶನದಲ್ಲಿ ಇಂಗ್ಲಿಷಿನ ಧಾಟಿ, ಪದಕ, ಪ್ರಮಾಣಪತ್ರ ನೋಡುತ್ತಾರೆ.

ವಾಸ್ತವ: ಸಂದರ್ಶಿಸುವವರು ಆ ವಿಷಯದ ಅಧ್ಯಾಪಕರೇ. ಕಂಡಿರದ ಒಂದು ಲೆಕ್ಕವನ್ನೋ ಪದ್ಯವನ್ನೋ ಮುಂದಿಟ್ಟು, ಹುಡುಗ ಹೇಗೆ ಯೋಚಿಸುತ್ತಾನೆ, ಸುಳಿವು ಕೊಟ್ಟರೆ ದಾರಿ ಬದಲಿಸುತ್ತಾನೆಯೇ ಎಂದು ನೋಡುತ್ತಾರೆ. ಅದೂ ಒಂದು ಪುಟ್ಟ ಟ್ಯುಟೋರಿಯಲ್. ಈಚಿನ ವರ್ಷಗಳಲ್ಲಿ ಆನ್‌ಲೈನ್‌ನಲ್ಲೇ ನಡೆಯುತ್ತಿರುವುದರಿಂದ ವಿಮಾನದ ಖರ್ಚಿಲ್ಲ. ಕಬಡ್ಡಿಯ ಕಪ್ ಸಂತೋಷದ ವಿಷಯವೇ, ಆದರೆ ಅದರಿಂದ ಸೀಟು ಸಿಗುವುದಿಲ್ಲ. ಆರಿಸಿಕೊಂಡ ವಿಷಯದಲ್ಲಿ ಪಠ್ಯದಾಚೆ ಏನು ಓದಿದ್ದೀರಿ ಎಂಬುದು ನೆರವಾಗುತ್ತದೆ. ಮೊದಲ ದಿನದಿಂದಲೇ ಆ ವಿಷಯಕ್ಕೇ ಇಳಿಯಬೇಕಾದ್ದರಿಂದ ‘ಹೋಗಿ ಆಮೇಲೆ ನೋಡೋಣ’ ಎನ್ನುವವರಿಗೆ ಕಷ್ಟ.

ತಪ್ಪು ಕಲ್ಪನೆ: ಅದು ಅವರವರಿಗಷ್ಟೇ ಮೀಸಲು, ನಮ್ಮಂಥವರಿಗಲ್ಲ.

ವಾಸ್ತವ: ಒಂದು ಕಾಲಕ್ಕೆ ಹಾಗೇ ಇತ್ತು. ಇಂಗ್ಲೆಂಡಿನ ಅಧಿಕೃತ ಚರ್ಚಿನ ನಂಬಿಕೆಗಳಿಗೆ ಒಪ್ಪಿ ಸಹಿ ಹಾಕದವರಿಗೆ 1854ರವರೆಗೆ ಪ್ರವೇಶವೇ ಇರಲಿಲ್ಲ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿದ ಕಾರ್ನೀಲಿಯಾ ಸೊರಾಬ್ಜಿ 1889ರಲ್ಲಿ ಸಾಮರ್‌ವಿಲ್ ಕಾಲೇಜು ಸೇರಿ, 1892ರಲ್ಲಿ ಕಾನೂನು ಪರೀಕ್ಷೆ ಬರೆದರು. ಆದರೆ ಹೆಂಗಸರಿಗೆ ಪದವಿ ಕೊಡಲು ಆಕ್ಸ್‌ಫರ್ಡ್ ಒಪ್ಪಿದ್ದು 1920ರಲ್ಲಿ. ಈಗ ಅಂಥ ಗೋಡೆಗಳಿಲ್ಲ, ಇರುವುದು ಹಣದ ಗೋಡೆ. ಅದನ್ನು ಮುಚ್ಚಿಡಬಾರದು. ವಿದೇಶಿಯರ ಶುಲ್ಕ ಬ್ರಿಟನ್ನಿನ ಮಕ್ಕಳು ಕಟ್ಟುವುದರ ಹಲವು ಪಟ್ಟು. ಮೊದಲ ಪದವಿಗೆ ಹೋಗುವ ಭಾರತೀಯರಿಗೆ ವಿದ್ಯಾರ್ಥಿವೇತನ ಬಹಳ ವಿರಳ. ಸಾಲದ ಲೆಕ್ಕವನ್ನು ಮನೆಯವರೆಲ್ಲ ಕೂತು ಹಾಕಿದ ಮೇಲೆಯೇ ಮುಂದಡಿ ಇಡಬೇಕು.

ತಪ್ಪು ಕಲ್ಪನೆ: ನಾಟಕಕಾರ ಗಿರೀಶ ಕಾರ್ನಾಡರಿಗೆ ಸಿಕ್ಕ ಹಾಗೆ ಪಿಯುಸಿ ಮುಗಿಸಿದವರಿಗೆ ರೋಡ್ಸ್ ವಿದ್ಯಾರ್ಥಿವೇತನ ಸಿಗುತ್ತದೆ.

ವಾಸ್ತವ: ಆಕ್ಸ್‌ಫರ್ಡಿನಲ್ಲಿ ಓದಲು ಕೊಡುವ ರೋಡ್ಸ್ ಇರುವುದು ಪದವಿ ಮುಗಿಸಿದವರಿಗೆ, ಇಲ್ಲವೇ ಪದವಿಯ ಕೊನೆಯ ವರ್ಷದಲ್ಲಿರುವವರಿಗೆ. ಗಿರೀಶ ಕಾರ್ನಾಡರು 1958ರಲ್ಲಿ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ ಬಿ.ಎ. ಮಾಡಿದ್ದರು. ಆಮೇಲೆ ರೋಡ್ಸ್ ಪಡೆದು ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ ಸೇರಿದ ಕೋರ್ಸ್ ಓದಿದರು, ಆಕ್ಸ್‌ಫರ್ಡ್ ಯೂನಿಯನ್ ಎಂಬ ಚರ್ಚಾಕೂಟದ ಅಧ್ಯಕ್ಷರೂ ಆದರು. ಇಲ್ಲೇ ಒಳ್ಳೆಯ ಪದವಿ ಮುಗಿಸಿ, ಅಲ್ಲಿಗೆ ವಿದ್ಯಾರ್ಥಿವೇತನದ ಮೇಲೆ ಹೋಗುವ ಈ ದಾರಿ ನಮ್ಮ ಹೆಚ್ಚಿನ ಮಕ್ಕಳಿಗೆ ಹೊಂದುತ್ತದೆ. 1961ರಲ್ಲಿ ಕಾರ್ನಾಡರ ‘ಯಯಾತಿ’ ನಾಟಕ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಅಚ್ಚಾಗಿ ಬಂದಾಗ ಅವರು ಇನ್ನೂ ಮಾಡ್ಲಿನ್‌ನ ವಿದ್ಯಾರ್ಥಿಯಾಗಿದ್ದರು.