ಮುಂದಿನ ಕಥೆಗೊಂದು ಹಿಂದಿನ ಕಥೆ

ಕಥೆಯ ಕೊನೆಯನ್ನು ಮೊದಲೇ ಬಲ್ಲ ಓದುಗನಿಗೆ ಕಥೆಗಾರನು ಹೊಸದಾಗಿ ಏನನ್ನು ಕೊಡಬಲ್ಲನು? ಕಾದಂಬರಿಯೊಂದು ಪ್ರಸಿದ್ಧವಾಗಿ ಎಷ್ಟೋ ವರ್ಷಗಳು ಕಳೆದ ಮೇಲೆ, ಅದಕ್ಕೂ ಹಿಂದೆ ನಡೆದ ಸಂಗತಿಗಳನ್ನು ಅದರ ಕರ್ತೃವೇ ಮತ್ತೊಂದು ಕಾದಂಬರಿಯಾಗಿ ಬರೆಯುವುದುಂಟು. ಇಂಗ್ಲಿಷಿನವರು ಇದನ್ನು ಪ್ರೀಕ್ವೆಲ್ ಎನ್ನುತ್ತಾರೆ. ನಾವು ಪೂರ್ವಕಥೆ ಎನ್ನೋಣ. ನಮ್ಮ ಊರಿನ ಓದುಗರ ಕೂಟದಲ್ಲಿ ಈಚೆಗೆ ಇಂಥದೊಂದು ಕೃತಿಯನ್ನು ಚರ್ಚೆಗೆ ಆರಿಸಿಕೊಂಡಿದ್ದೆವು. ಅದು ಐಸಾಕ್ ಅಸಿಮೋವರು 1988ರಲ್ಲಿ ಪ್ರಕಟಿಸಿದ ‘ಪ್ರಿಲ್ಯೂಡ್ ಟು ಫೌಂಡೇಶನ್’ ಎಂಬ ವೈಜ್ಞಾನಿಕ ಕಾದಂಬರಿ. ಆ ಚರ್ಚೆಯಲ್ಲಿ ಎದ್ದ ಒಂದು ಪ್ರಶ್ನೆಯನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲು ಈ ಕಥಾಮಾಲೆಯ ಹಿನ್ನೆಲೆಯನ್ನು ಸ್ವಲ್ಪ ತಿಳಿಯಬೇಕು. 1941ರಲ್ಲಿ ಅಸಿಮೋವ್ ಇಪ್ಪತ್ತೊಂದು ವರ್ಷದ ತರುಣ, ರಸಾಯನಶಾಸ್ತ್ರದ ವಿದ್ಯಾರ್ಥಿ. ರೋಮನ್ ಸಾಮ್ರಾಜ್ಯದ ಅವನತಿಯನ್ನು ಕುರಿತ ಗಿಬ್ಬನ್ನನ ಮಹಾಗ್ರಂಥ ಅವರ ಮನಸ್ಸನ್ನು ತುಂಬಿತ್ತು. ಅಂಥದೇ ಅವನತಿಯನ್ನು ಭವಿಷ್ಯಕಾಲದ ನಕ್ಷತ್ರಲೋಕಕ್ಕೆ ಒಯ್ದು ಕಥೆ ಹೆಣೆದರೆ ಹೇಗೆ ಎಂದು ಅವರಿಗೆ ತೋರಿತು. ‘ಅಸ್ಟೌಂಡಿಂಗ್ ಸೈನ್ಸ್ ಫಿಕ್ಷನ್’ ಪತ್ರಿಕೆಯ ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಪ್ರೋತ್ಸಾಹಿಸಿದರು. 1942ರಲ್ಲಿ ಮೊದಲ ಕಥೆ ಬೆಳಕು ಕಂಡಿತು. ಮುಂದೆ 1951, 1952, 1953ರಲ್ಲಿ ಈ ಕಥೆಗಳು ಮೂರು ಸಂಪುಟಗಳಾಗಿ ಬಂದವು. ಸ್ವಾರಸ್ಯವೆಂದರೆ, ಮೊದಲ ಸಂಪುಟವನ್ನು ತೆರೆದೊಡನೆ ನಾವು ಓದುವ ಭಾಗವನ್ನು ಅಸಿಮೋವರು 1951ರ ಗ್ರಂಥಕ್ಕಾಗಿಯೇ ಹೊಸದಾಗಿ ಬರೆದರು. ಪೂರ್ವಕಥೆಯನ್ನು ಆಮೇಲೆ ಬರೆಯುವ ಅಭ್ಯಾಸ ಅವರಿಗೆ ಅಂದಿನಿಂದಲೇ ಅಂಟಿತ್ತು ಎನ್ನಬಹುದು.

ಈ ಸಂಪುಟಗಳ ಕೇಂದ್ರದಲ್ಲಿರುವವನು ಹಾರಿ ಸೆಲ್ಡನ್ ಎಂಬ ಗಣಿತಜ್ಞ. ಹನ್ನೆರಡು ಸಾವಿರ ವರ್ಷ ಬಾಳಿದ ಗ್ಯಾಲಕ್ಸಿಯ ಸಾಮ್ರಾಜ್ಯ ಕುಸಿಯಲಿದೆ, ಬಳಿಕ ಮೂವತ್ತು ಸಾವಿರ ವರ್ಷಗಳ ಅಂಧಕಾರ ಕವಿಯಲಿದೆ ಎಂದು ಅವನು ಲೆಕ್ಕ ಹಾಕಿ ಕಂಡುಕೊಳ್ಳುತ್ತಾನೆ. ಆ ಅಂಧಕಾರವನ್ನು ಒಂದು ಸಾವಿರ ವರ್ಷಕ್ಕೆ ಇಳಿಸುವುದೇ ಅವನ ಯೋಜನೆ. ಅವನ ಕೈಯಲ್ಲಿರುವ ಸಾಧನ ಸೈಕೋಹಿಸ್ಟರಿ, ಅಂದರೆ ಮನೋ‑ಇತಿಹಾಸ. ಇದರ ಮೂಲ ಅನಿಲಗಳ ಶಾಸ್ತ್ರದಲ್ಲಿದೆ. ಪಾತ್ರೆಯೊಳಗಿನ ಅನಿಲದ ಒಂದು ಅಣು ಎತ್ತ ಹೋದೀತೆಂದು ಯಾರೂ ಹೇಳಲಾರರು. ಆದರೆ ಕೋಟ್ಯನುಕೋಟಿ ಅಣುಗಳು ಸೇರಿದಾಗ ಅದರ ಒತ್ತಡವೆಷ್ಟು, ಉಷ್ಣತೆಯೆಷ್ಟು ಎಂದು ಖಚಿತವಾಗಿ ಹೇಳಬಹುದು. ಮನುಷ್ಯರೂ ಹಾಗೆಯೇ ಎನ್ನುವುದು ಸೆಲ್ಡನ್ನನ ತರ್ಕ. ಒಬ್ಬನ ನಡೆ ತಿಳಿಯದು, ಸಮೂಹದ ನಡೆ ತಿಳಿದೀತು. ಇದಕ್ಕೆ ಎರಡು ನಿಬಂಧನೆಗಳುಂಟು: ಸಮೂಹ ಬಹಳ ದೊಡ್ಡದಾಗಿರಬೇಕು, ಮತ್ತು ತಮ್ಮನ್ನು ಕುರಿತ ಲೆಕ್ಕಾಚಾರ ಆ ಜನರಿಗೆ ತಿಳಿಯದಿರಬೇಕು. ಈ ಎರಡನೆಯದನ್ನು ನೆನಪಿಡಿ. ಮುಂದೆ ನಮಗೆ ಬೇಕಾಗುತ್ತದೆ.

ಮೂಲ ಸಂಪುಟಗಳಲ್ಲಿ ಸೆಲ್ಡನ್ ವೃದ್ಧ, ಸರ್ವಜ್ಞನಂಥ ಪುರುಷ. ಸತ್ತ ಮೇಲೂ ಅವನ ಬಿಂಬ ಕಾಲಕಾಲಕ್ಕೆ ಮೂಡಿ ಮಾತನಾಡುತ್ತದೆ. ಪೂರ್ವಕಥೆಯಲ್ಲಾದರೋ ಅವನು 32 ವರ್ಷದ ತರುಣ, ಹೆಲಿಕಾನ್ ಎಂಬ ದೂರದ ಲೋಕದಿಂದ ರಾಜಧಾನಿ ಟ್ರಾಂಟರಿಗೆ ಗಣಿತ ಸಮ್ಮೇಳನಕ್ಕೆಂದು ಬಂದವನು. ನಾಲ್ಕು ಸಾವಿರ ಕೋಟಿ ಜನರು ಲೋಹದ ಚಾವಣಿಯ ಕೆಳಗೆ ವಾಸಿಸುವ ಲೋಕವದು. ಭವಿಷ್ಯವನ್ನು ಗಣಿತದಿಂದ ಹೇಳುವುದು ತತ್ತ್ವತಃ ಸಾಧ್ಯ, ಆಚರಣೆಯಲ್ಲಿ ಅಸಾಧ್ಯ ಎಂಬುದು ಅವನ ಪ್ರಬಂಧದ ಸಾರ. ಚಕ್ರವರ್ತಿ ಕ್ಲಿಯಾನನಿಗೆ ಬೇಕಾದದ್ದು ಮೊದಲ ಅರ್ಧ ಮಾತ್ರ. ಚಕ್ರವರ್ತಿಯ ಪ್ರಬಲ ಮಂತ್ರಿ ಡೆಮೆರ್ಜೆಲ್ ಅವನನ್ನು ಹಿಡಿಸಲು ಹೊಂಚುತ್ತಿದ್ದಾನೆಂದು ಹಮ್ಮಿನ್ ಎಂಬ ಪತ್ರಕರ್ತ ಎಚ್ಚರಿಸುತ್ತಾನೆ. ಅಲ್ಲಿಂದ ಸೆಲ್ಡನ್ನನ ಪಲಾಯನ. ಜೊತೆಗೆ ಡಾರ್ಸ್ ಎಂಬ ಇತಿಹಾಸಜ್ಞೆ. ಮೈಕೂದಲನ್ನು ಪಾಪವೆಂಬಂತೆ ಕಾಣುವ ಮೈಕೋಜೆನ್, ಶಾಖದ ಬಾವಿಗಳಲ್ಲಿ ದುಡಿದು ಉಳಿದವರಿಂದ ಕೀಳೆನಿಸಿಕೊಂಡವರ ಡಾಲ್, ಸಿಂಹಾಸನದ ಮೇಲೆ ಕಣ್ಣಿಟ್ಟ ವೈ, ಹೀಗೆ ಪ್ರಾಂತದಿಂದ ಪ್ರಾಂತಕ್ಕೆ ಅವರ ಅಲೆದಾಟ.

ನಮ್ಮ ಕೂಟದಲ್ಲಿ ಅರ್ಧದಷ್ಟು ಮಂದಿ ಮೂಲ ಸಂಪುಟಗಳನ್ನು ಓದಿದ್ದವರು; ಉಳಿದವರಿಗೆ ಇದೇ ಮೊದಲ ಪುಸ್ತಕ. ಓದಿದ್ದವರ ದೂರು ಒಂದೇ: ಸೆಲ್ಡನ್ ಅಪಾಯಕ್ಕೆ ಸಿಕ್ಕಾಗ ಎದೆ ಹಾರುವುದಿಲ್ಲ, ಅವನು ಮುದುಕನಾಗುವವರೆಗೆ ಬದುಕುವನೆಂದು ನಮಗೆ ಗೊತ್ತು. ಹೊಸಬರಿಗೆ ಆ ಭಯ ಇತ್ತು. ಆದರೆ ಅಂಜುವ, ಅನುಮಾನಿಸುವ, ತನ್ನ ಶಾಸ್ತ್ರವನ್ನೇ ನಂಬದ ಈ ತರುಣ ಮುಂದೆ ಏನಾಗುವನೆಂಬುದರ ವಿಸ್ಮಯ ಅವರಿಗಿರಲಿಲ್ಲ. ಒಂದು ಕಡೆ ಮುಂದೇನು ಎಂಬ ಕುತೂಹಲ, ಇನ್ನೊಂದು ಕಡೆ ಹೀಗೆ ಆದದ್ದು ಹೇಗೆ ಎಂಬ ಜಿಜ್ಞಾಸೆ. ಪೂರ್ವಕಥೆಯ ಜೀವ ಈ ಎರಡನೆಯದರಲ್ಲಿದೆ.

ಇಲ್ಲಿ ಕಾದಂಬರಿಯ ಗುಟ್ಟನ್ನು ಬಿಚ್ಚದೆ ವಿಧಿಯಿಲ್ಲ. ಸೆಲ್ಡನ್ನನನ್ನು ಕಾಯುತ್ತಿದ್ದ ಹಮ್ಮಿನ್ನನೂ ಅವನನ್ನು ಬೆನ್ನಟ್ಟಿದನೆನ್ನಲಾದ ಡೆಮೆರ್ಜೆಲನೂ ಒಬ್ಬನೇ. ಅಷ್ಟೇ ಅಲ್ಲ, ಅವನು ಮನುಷ್ಯನೂ ಅಲ್ಲ. ಅಸಿಮೋವರ 1954ರ ‘ದ ಕೇವ್ಸ್ ಆಫ್ ಸ್ಟೀಲ್’ ಕಾದಂಬರಿಯಲ್ಲಿ ಕಾಣಿಸಿಕೊಂಡ ಡ್ಯಾನೀಲ್ ಎಂಬ ಯಂತ್ರಮಾನವ. ಮನುಕುಲದ ಹಿತಕ್ಕಾಗಿ ಮನೋ‑ಇತಿಹಾಸ ಸಿದ್ಧವಾಗಲೇಬೇಕೆಂದು ಅವನು ಸೆಲ್ಡನ್ನನನ್ನು ಓಡುವಂತೆ ಮಾಡಿದ್ದ. ಈ ಹಂತಕ್ಕೆ ಬಂದಾಗ ನಿವೃತ್ತ ಉಪಾಧ್ಯಾಯರೊಬ್ಬರು ಎದ್ದು ಕೇಳಿದರು: “ಹಿತಕ್ಕಾಗಿಯೇ ಇರಲಿ, ಒಬ್ಬನಿಗೆ ತಿಳಿಯದಂತೆ ಅವನ ಬಾಳನ್ನು ನಡೆಸುವ ಹಕ್ಕು ಯಾರಿಗಿದೆ?” ಕಾಲೇಜು ಓದುವ ತರುಣಿಯೊಬ್ಬಳು ಮೆಲ್ಲಗೆ, “ನಮ್ಮ ಮನೆಗಳಲ್ಲಿ ಮಕ್ಕಳ ಓದು, ಮದುವೆ ಎಲ್ಲವೂ ಹೀಗೆಯೇ ಅಲ್ಲವೆ ಸಾರ್?” ಎಂದಳು. ಅಲ್ಲಿಯವರೆಗೆ ನಕ್ಷತ್ರಲೋಕದಲ್ಲಿದ್ದ ಚರ್ಚೆ ಥಟ್ಟನೆ ನಮ್ಮ ಪಡಸಾಲೆಗೆ ಇಳಿಯಿತು. ಕೆಲವರು ಹಿರಿಯರ ಪರವಾಗಿ ನಿಂತರು. ಕೆಲವರು ಸೆಲ್ಡನ್ನನ ಪರವಾಗಿ ಸಿಟ್ಟಾದರು.

ಗಣಿತ ಕಲಿಸುವ ಸದಸ್ಯೆಯೊಬ್ಬರು ಆಗ ಒಂದು ಮುಖ್ಯ ಸಂಗತಿಯನ್ನು ತೋರಿಸಿಕೊಟ್ಟರು. ಓಡಿಸಿದವನು ಬೇರೆಯವನು, ನಿಜ. ಆದರೆ ಇಡೀ ಗ್ಯಾಲಕ್ಸಿಯ ಬದಲು, ಎಂಟು ನೂರು ಪ್ರಾಂತಗಳ ವೈವಿಧ್ಯವುಳ್ಳ ಟ್ರಾಂಟರ್ ಒಂದನ್ನೇ ಮಾದರಿಯಾಗಿ ಹಿಡಿದರೆ ಲೆಕ್ಕ ಕೈಗೆಟುಕೀತು ಎಂಬ ಹೊಳಹು ಸೆಲ್ಡನ್ನನದೇ. ಹಮ್ಮಿನ್ನನ ನಿಜರೂಪವನ್ನು ಊಹಿಸಿ ಮುಖಾಮುಖಿ ಕೇಳಿದವನೂ ಅವನೇ. ಎಲ್ಲವೂ ತಿಳಿದ ಮೇಲೆ ಆ ಹೊರೆಯನ್ನು ಹೊರಲು ಅವನು ಒಪ್ಪುತ್ತಾನೆ. ತಿಳಿಯದೆ ನಡೆದದ್ದು ಬಲವಂತ. ತಿಳಿದು ಒಪ್ಪಿದ್ದು ಸ್ವಾತಂತ್ರ್ಯ. ಉಪಾಧ್ಯಾಯರು ಪೂರ್ತಿ ಒಪ್ಪಲಿಲ್ಲ. ಮೊದಲೇ ತಿಳಿಸಿದ್ದರೆ ಒಪ್ಪುತ್ತಿದ್ದನೇ ಎಂದು ಮತ್ತೆ ಕೇಳಿದರು. ಅದಕ್ಕೆ ಯಾರಲ್ಲಿಯೂ ಉತ್ತರವಿರಲಿಲ್ಲ.

ಈಗ ಆ ಎರಡನೆಯ ನಿಬಂಧನೆಗೆ ಬರೋಣ. ಮುಂದಾಗುವುದನ್ನು ಬಲ್ಲವನೊಬ್ಬ, ಅದನ್ನು ಅರಿಯದೆ ನಡೆಯುವವರು ಹಲವರು: ಮನೋ‑ಇತಿಹಾಸದ ಚೌಕಟ್ಟು ಇದು. ಪೂರ್ವಕಥೆಯ ಚೌಕಟ್ಟೂ ಇದೇ ಅಲ್ಲವೆ? ಇಲ್ಲಿ ಬಲ್ಲವನು ಓದುಗ, ಅರಿಯದವನು ನಾಯಕ. ಈ ಕಾದಂಬರಿಯ ಅಧ್ಯಾಯಗಳ ಆರಂಭದಲ್ಲಿ ಬಹು ಮುಂದಿನ ಕಾಲದ ವಿಶ್ವಕೋಶವೊಂದರಿಂದ ತೆಗೆದದ್ದೆಂಬಂತೆ ಟಿಪ್ಪಣಿಗಳಿವೆ. ನಾಯಕನು ಬದುಕುತ್ತಿರುವಾಗಲೇ ಅವನನ್ನು ಇತಿಹಾಸವಾಗಿ ನೋಡುವ ಕಣ್ಣನ್ನು ಅವು ನಮಗೆ ಕೊಡುತ್ತವೆ. ಹೀಗೆ ಓದುವವನು ತನಗರಿವಿಲ್ಲದೆಯೇ ಡ್ಯಾನೀಲನ ಪಕ್ಕದಲ್ಲಿ ಕುಳಿತಿರುತ್ತಾನೆ. ಮೂಲವನ್ನು ಮೊದಲೇ ಓದಿದ್ದವರಲ್ಲಿ ಹೆಚ್ಚಿನವರು ಡ್ಯಾನೀಲನನ್ನು ಕ್ಷಮಿಸಿದರು, ಹೊಸಬರು ಕ್ಷಮಿಸಲಿಲ್ಲ. ಫಲ ಒಳ್ಳೆಯದೆಂದು ತಿಳಿದವನಿಗೆ ದಾರಿಯ ಅನ್ಯಾಯ ಹಗುರವಾಗಿ ತೋರುತ್ತದೆ. ಇದು ಕಾದಂಬರಿಗೆ ಮಾತ್ರ ಸಲ್ಲುವ ಮಾತಲ್ಲ. ನಾವು ಚರಿತ್ರೆಯನ್ನು ಓದುವ ಬಗೆಗೂ ಸಲ್ಲುತ್ತದೆ.

ಕನ್ನಡದ ಓದುಗರಿಗೆ ಈ ಅನುಭವ ಹೊಸದಲ್ಲ. ಪಂಪನ ‘ಆದಿಪುರಾಣ’ದಲ್ಲಿ ಆದಿನಾಥನ ಭವಾವಳಿ ಬರುತ್ತದೆ. ಲಲಿತಾಂಗನಾಗಿ, ವಜ್ರಜಂಘನಾಗಿ ಅಲೆಯುವ ಜೀವ ಕೊನೆಗೆ ಮೊದಲ ತೀರ್ಥಂಕರನಾಗುವುದೆಂದು ಎಲ್ಲರೂ ಬಲ್ಲರು. ಹಾಗೆಂದು ವಜ್ರಜಂಘ, ಶ್ರೀಮತಿಯರು ಧೂಪದ ಹೊಗೆಗೆ ಸಿಕ್ಕಿ ಸಾಯುವಾಗ ಕಣ್ಣು ಒದ್ದೆಯಾಗದೆ ಉಳಿದೀತೇ? ಮೋಕ್ಷ ಕಾದಿದೆಯೆಂಬ ಅರಿವು ಆ ಸಾವಿನ ನೋವನ್ನು ಅಳಿಸುವುದಿಲ್ಲ. ಪಂಪನ ಹಿರಿಮೆ ಇದು. ಅಸಿಮೋವರಿಗೆ ಈ ಎತ್ತರ ದಕ್ಕಿತೆಂದು ನಾನು ಹೇಳಲಾರೆ. ಅವರ ಪಾತ್ರಗಳು ಬಾಳುವುದಕ್ಕಿಂತ ವಾದಿಸುವುದೇ ಹೆಚ್ಚು. ಆದರೂ ಸರ್ವಜ್ಞನೆಂದು ಪೂಜಿಸಿದವನನ್ನು ಅನುಮಾನದ ತರುಣನಾಗಿ ಕಾಣಿಸಿದ್ದು ಸಣ್ಣ ಸಾಧನೆಯಲ್ಲ. ಅವರು 1992ರಲ್ಲಿ ತೀರಿಕೊಂಡರು. ಸೆಲ್ಡನ್ನನ ಮುಂದಿನ ಬಾಳನ್ನು ಹೇಳುವ ‘ಫಾರ್ವರ್ಡ್ ದ ಫೌಂಡೇಶನ್’ ಮರುವರ್ಷ ಹೊರಬಂತು.

ಯಾವುದನ್ನು ಮೊದಲು ಓದಬೇಕು ಎಂದು ಹಲವರು ಕೇಳುತ್ತಾರೆ. ಅಸಿಮೋವರೇ ಈ ಕಾದಂಬರಿಯ ಮುನ್ನುಡಿಯಲ್ಲಿ ತಮ್ಮ ಕೃತಿಗಳನ್ನು ಬರೆದ ಕ್ರಮದಲ್ಲಿ ಅಲ್ಲ, ಘಟನೆಗಳ ಕಾಲಕ್ರಮದಲ್ಲಿ ಪಟ್ಟಿ ಮಾಡಿದ್ದಾರೆ. ಒಬ್ಬರೇ ಓದುವವರಿಗೆ ಬರೆದ ಕ್ರಮವೇ ಲೇಸೆಂದು ನನ್ನ ಅಭಿಪ್ರಾಯ. ಕೂಟದಲ್ಲಿ ಓದುವುದಾದರೆ ಬಲ್ಲವರೂ ಅರಿಯದವರೂ ಬೆರೆತಿರಲಿ. ಮೊದಲ ಮಾತು ಅರಿಯದವರದಾಗಲಿ. ದಾರಿಯಲ್ಲಿ ಮುಳ್ಳು ಚುಚ್ಚಿದ್ದನ್ನು ಹೇಳಬಲ್ಲವರು ಅವರು. ಊರು ತಲುಪಿದ ಸುದ್ದಿಯನ್ನು ಮೊದಲೇ ಕೇಳಿದವರು ಅದನ್ನು ಮರೆತುಬಿಟ್ಟಿರುತ್ತಾರೆ.