ರೈಲು ತಪ್ಪಿ ಉಳಿದ ಊರು ಸಫ್ರಾನ್‌ಬೊಲು

ರೈಲು ಬಂದರೆ ಊರು ಉದ್ಧಾರವಾಗುತ್ತದೆ ಎನ್ನುವುದು ಎಲ್ಲೆಡೆ ಇರುವ ನಂಬಿಕೆ. ಟರ್ಕಿಯ ಸಫ್ರಾನ್‌ಬೊಲು ಎಂಬ ಬೆಟ್ಟದೂರಿನ ಕಥೆ ಇದಕ್ಕೆ ತಿರುಗುಮುರುಗು. ರೈಲು ಈ ಊರಿಗೆ ಬಾರದೆ ಪಕ್ಕದ ಹಳ್ಳಿಗೆ ಬಂತು. ಇಲ್ಲಿನ ವ್ಯಾಪಾರ ಸೊರಗಿತು. ಹಾಗೆ ಸೊರಗಿದ್ದರಿಂದಲೇ ಹಳೆಯ ಮನೆಗಳನ್ನು ಕೆಡವುವ ಗೋಜಿಗೆ ಯಾರೂ ಹೋಗಲಿಲ್ಲ. 1994ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಊರಿನ ಹೆಸರು ಸೇರಿತು. ಆದರೆ ಆ ಮನೆಗಳನ್ನು ಕಟ್ಟಿಸಿದ ಕಸುಬುಗಳಿಗೆ ಅದೇ ಅದೃಷ್ಟ ಇರಲಿಲ್ಲ.

ರಾಜಧಾನಿ ಅಂಕಾರಾ ಮತ್ತು ಕಪ್ಪು ಸಮುದ್ರದ ನಡುವಿನ ಬೆಟ್ಟಗಳಲ್ಲಿ, ತೊರೆಗಳು ಕೊರೆದ ಆಳವಾದ ಕಣಿವೆಯ ಸುತ್ತ ಸಫ್ರಾನ್‌ಬೊಲು ಹಬ್ಬಿಕೊಂಡಿದೆ. ಹೆಸರಿನಲ್ಲಿರುವ ‘ಸಫ್ರಾನ್’ ಎಂದರೆ ಕೇಸರಿ. ‘ಬೊಲು’ ಎನ್ನುವುದು ಊರು ಎಂಬರ್ಥದ ಗ್ರೀಕ್ ಪದ ‘ಪೊಲಿಸ್’ ಸವೆದು ಬಂದ ರೂಪ.

ಸಾರ್ಥಗಳ ದಾರಿ

12ನೇ ಶತಮಾನದ ಕೊನೆಯಲ್ಲಿ ಊರು ತುರ್ಕರ ವಶವಾಯಿತು. 13ನೇ ಶತಮಾನದಿಂದ ಮುಂದೆ ಪೂರ್ವ ಪಶ್ಚಿಮಗಳನ್ನು ಕೂಡಿಸುವ ವ್ಯಾಪಾರದ ದಾರಿಯಲ್ಲಿ ಇದೊಂದು ಮುಖ್ಯ ತಂಗುದಾಣ. ಹಳೆಯ ಮಸೀದಿ, ಹಳೆಯ ಸ್ನಾನಗೃಹ ಮತ್ತು ಸುಲೇಮಾನ್ ಪಾಶಾ ಮದರಸಾ 1322ರಷ್ಟು ಹಿಂದಿನವು. ಊರು ತನ್ನ ವೈಭವದ ತುದಿ ಮುಟ್ಟಿದ್ದು 17ನೇ ಶತಮಾನದಲ್ಲಿ.

ಆ ಕಾಲದ ಗುರುತಾಗಿ ಪೇಟೆಯ ನಡುವೆ ನಿಂತಿರುವುದು ‘ಜಿಂಜಿ ಹಾನ್’ ಎಂಬ ಕಲ್ಲಿನ ಛತ್ರ. ಇದನ್ನು ಕಟ್ಟಿಸಿದ ಹುಸೇನ್ ಎಫೆಂದಿ ಇದೇ ಊರಿನವನು. ಜಿನ್ನುಗಳ ಕಾಟವನ್ನು ಮಂತ್ರಿಸಿ ಬಿಡಿಸುತ್ತಾನೆಂಬ ಖ್ಯಾತಿಯಿಂದ ಅವನಿಗೆ ‘ಜಿಂಜಿ ಹೋಜಾ’ ಎಂಬ ಹೆಸರು ಬಂತು. ಮನೋವ್ಯಾಧಿಯಿಂದ ನರಳುತ್ತಿದ್ದ ಸುಲ್ತಾನ ಇಬ್ರಾಹಿಮನ ವಿಶ್ವಾಸ ಗಳಿಸಿ ಅವನು ಸಾಮ್ರಾಜ್ಯದ ಉನ್ನತ ನ್ಯಾಯಾಧಿಕಾರಿಯಾದ, ಅಪಾರ ಹಣವನ್ನೂ ಕೂಡಿಹಾಕಿದ. 1648ರಲ್ಲಿ ಸುಲ್ತಾನ ಪದಚ್ಯುತನಾದ ಮೇಲೆ ಹೋಜಾನ ತಲೆಯೂ ಉರುಳಿತು. ಛತ್ರ ಮಾತ್ರ ಉಳಿಯಿತು.

ತೊಗಲಿನ ಸಂಪತ್ತು

ಸಾರ್ಥಗಳು ಹಾದುಹೋಗುವ ಊರಿಗೆ ಬೇಕಾದದ್ದು ಜೀನು, ಲಾಳ, ಜೋಡು, ಪಾತ್ರೆ. ಈ ಅಗತ್ಯದಿಂದಲೇ ಇಲ್ಲಿನ ಕಸುಬುಗಳು ಬೆಳೆದವು. ಅವುಗಳಲ್ಲಿ ಎಲ್ಲಕ್ಕೂ ದೊಡ್ಡದು ಚರ್ಮ ಹದಮಾಡುವ ಕೆಲಸ. ಅದಕ್ಕೆ ಹರಿಯುವ ನೀರು ಬೇಕು, ಅದರ ದುರ್ವಾಸನೆ ಪೇಟೆಯಿಂದ ದೂರವೂ ಇರಬೇಕು. ಆದ್ದರಿಂದ ಹದಗಾರರ ಕೇರಿ ತೊರೆಯ ಕೆಳಹರಿವಿನಲ್ಲಿತ್ತು.

ಹದವಾದ ತೊಗಲು ಮೇಲೆ ಪೇಟೆಗೆ ಬಂದು ‘ಯೆಮೆನಿ’ ಆಗುತ್ತಿತ್ತು. ಯೆಮೆನಿ ಎಂದರೆ ಹಿಮ್ಮಡಿ ಎತ್ತರವಿಲ್ಲದ, ಕೈಯಲ್ಲೇ ಹೊಲಿದ ಹಗುರವಾದ ಜೋಡು. ವಜೀರ ಕೊಪ್ರುಲು ಮೆಹಮದ್ ಪಾಶಾ ಕಟ್ಟಿಸಿದ ಮಸೀದಿಯ ಪಕ್ಕದಲ್ಲಿ 48 ಮರದ ಅಂಗಡಿಗಳ ಸಾಲೊಂದಿದೆ. ಇದು ಪೂರ್ತಿ ಜೋಡು ಹೊಲಿಯುವವರದ್ದೇ ಬೀದಿ. ಕಮ್ಮಾರರಿಗೆ ಬೇರೆ ಬೀದಿ, ತಾಮ್ರದ ಪಾತ್ರೆ ಬಡಿಯುವವರಿಗೆ ಬೇರೆ. ಹುಡುಗ ಕೆಲಸಕ್ಕೆ ಸೇರಿ, ಸಹಾಯಕನಾಗಿ, ಕೊನೆಗೆ ಉಸ್ತಾದ ಎನಿಸಿಕೊಳ್ಳಲು ವರ್ಷಗಳೇ ಬೇಕಿದ್ದವು. ಸರಕಿನ ಗುಣ, ಬೆಲೆ, ಕಲಿಯುವವನ ನಡತೆ ಎಲ್ಲದರ ಮೇಲೂ ಕಸುಬಿನ ಸಂಘದ ಕಣ್ಣಿತ್ತು. 1919ರಿಂದ 1922ರವರೆಗಿನ ಸ್ವಾತಂತ್ರ್ಯ ಸಮರದಲ್ಲಿ ಸೈನಿಕರ ಕಾಲಿಗೆ ಜೋಡು ಹೊಲಿದುಕೊಟ್ಟದ್ದು ತಮ್ಮ ಊರು ಎಂದು ಇಲ್ಲಿಯವರು ಇಂದಿಗೂ ಹೆಮ್ಮೆಪಡುತ್ತಾರೆ.

ಒಂದು ಕುಟುಂಬ, ಎರಡು ಮನೆ

ಈ ಗಳಿಕೆಯೆಲ್ಲ ಮನೆಗಳಾಗಿ ನಿಂತಿತು. ಅನುಕೂಲಸ್ಥರಿಗೆ ಎರಡು ಮನೆ. ಚಳಿಗಾಲಕ್ಕೆ ಗಾಳಿ ತಾಕದ ಕಣಿವೆಯ ಮನೆ, ಬೇಸಿಗೆಗೆ ಎತ್ತರದ ‘ಬಾಲಾರ್’ನಲ್ಲಿ ದ್ರಾಕ್ಷಿ ತೋಟದ ಮನೆ. ಮನೆಯ ನೆಲ ಅಂತಸ್ತು ಕಲ್ಲಿನದು. ಅಲ್ಲಿ ಕೊಟ್ಟಿಗೆ, ಉಗ್ರಾಣ. ಮೇಲಿನ ಅಂತಸ್ತುಗಳಿಗೆ ಮರದ ಚೌಕಟ್ಟು, ನಡುವೆ ಹಸಿ ಇಟ್ಟಿಗೆ. ಮೇಲಿನ ಕೋಣೆಗಳು ಬೀದಿಯತ್ತ ಚಾಚಿಕೊಂಡಿರುತ್ತವೆ.

ಒಂದೊಂದು ಕೋಣೆಯೂ ಒಂದು ಪುಟ್ಟ ಸಂಸಾರಕ್ಕೆ ಸಾಲುವಂತಿದೆ. ಗೋಡೆಯುದ್ದಕ್ಕೂ ಕೂರುವ ಜಗಲಿ, ಒಲೆ, ಹಾಸಿಗೆ ಇಡುವ ಗೋಡೆಬೀರು. ಅದೇ ಬೀರುವಿನ ಒಂದು ಬಾಗಿಲು ತೆರೆದರೆ ಸ್ನಾನದ ಗೂಡು! ಹೆಂಗಸರ ಮತ್ತು ಗಂಡಸರ ಭಾಗಗಳ ನಡುವಿನ ಗೋಡೆಯಲ್ಲಿ ತಿರುಗುವ ಬೀರುವೂ ಉಂಟು. ಒಳಗಿನಿಂದ ಊಟದ ತಟ್ಟೆಯಿಟ್ಟು ತಿರುಗಿಸಿದರೆ ಅತಿಥಿಯ ಕಡೆ ಹೊರಬರುತ್ತದೆ. ಕೊಟ್ಟವರ ಮುಖ ಕಾಣುವುದಿಲ್ಲ.

ಬೆಂಕಿಯಿಲ್ಲದೆ ಆರಿದ ಒಲೆ

ಮೊದಲ ಪೆಟ್ಟು ಬಿದ್ದದ್ದು ಕಿರಾನ್‌ಕೊಯ್ ಕೇರಿಗೆ. ಅಲ್ಲಿನ ಗ್ರೀಕ್ ಕ್ರೈಸ್ತರು ಕೆಳಗೆ ಅಂಗಡಿ, ಮೇಲೆ ಮನೆ ಮಾಡಿಕೊಂಡಿದ್ದರು. ಗ್ರೀಸ್ ಮತ್ತು ಟರ್ಕಿ 1923ರಲ್ಲಿ ಮಾಡಿಕೊಂಡ ಜನವಿನಿಮಯ ಒಪ್ಪಂದದಿಂದಾಗಿ ಅವರು ಹುಟ್ಟಿದೂರು ಬಿಟ್ಟು ಹೊರಟರು. ಅವರ ಚರ್ಚು ಮುಂದೆ ಮಸೀದಿಯಾಯಿತು.

ಎರಡನೆಯ ಪೆಟ್ಟು ಕಬ್ಬಿಣದ್ದು. 1937ರಲ್ಲಿ, ಕೆಲವೇ ಕಿ.ಮೀ. ದೂರದಲ್ಲಿ ರೈಲು ಹಾದುಹೋಗುವ ಕರಾಬುಕ್ ಎಂಬ ಕುಗ್ರಾಮದಲ್ಲಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಬಿತ್ತು. ಸಾರ್ಥಗಳು ನಿಂತುಹೋಗಿದ್ದವು. ಯಂತ್ರದಲ್ಲಿ ತಯಾರಾದ ಅಗ್ಗದ ಜೋಡು ಅಂಗಡಿಗೆ ಬಂತು. ತಿಂಗಳ ಸಂಬಳ ಸಿಗುವಾಗ ವರ್ಷಗಟ್ಟಲೆ ಸೂಜಿ ಹಿಡಿದು ಕಲಿಯುವ ಹುಡುಗರು ಎಲ್ಲಿ ಸಿಕ್ಕಾರು? ಕರಾಬುಕ್ ನಗರವಾಗಿ ಬೆಳೆಯಿತು; 1995ರಲ್ಲಿ ಪ್ರಾಂತ್ಯದ ಕೇಂದ್ರವೂ ಆಯಿತು. ಸಫ್ರಾನ್‌ಬೊಲು ಅದರ ನೆರೆಯ ಹಳೆಯೂರಾಗಿ ಉಳಿಯಿತು.

ಹೊಸ ಹಣ ಮತ್ತು ಹೊಸ ಕಾಂಕ್ರೀಟು ಬೇರೆಡೆ ಹೋದದ್ದರಿಂದ ಕಣಿವೆಯ ಮನೆಗಳು ಬದುಕಿದವು. 1970ರ ದಶಕದ ನಡುವಿನಲ್ಲಿ ವಾಸ್ತುತಜ್ಞರ ಮತ್ತು ಪುರಸಭೆಯ ಕಣ್ಣು ಇವುಗಳ ಮೇಲೆ ಬಿದ್ದು ರಕ್ಷಣೆಯ ಕೆಲಸ ಶುರುವಾಯಿತು. ನಿರ್ದೇಶಕ ಸುಹಾ ಆರಿನ್ 1976ರಲ್ಲಿ ತಯಾರಿಸಿದ ಸಾಕ್ಷ್ಯಚಿತ್ರ ದೇಶದ ಗಮನವನ್ನೇ ಇತ್ತ ಸೆಳೆಯಿತು. ಇಂದು ಅನೇಕ ಮನೆಗಳು ಹೋಟೆಲುಗಳಾಗಿವೆ. ಕಮ್ಮಾರರ ಬೀದಿಯಲ್ಲಿ ಸುತ್ತಿಗೆ ಸದ್ದು ಇನ್ನೂ ಕೇಳುತ್ತದೆ. ಆದರೆ ಜೋಡಿನ ಬೀದಿಯಲ್ಲಿ ಈಗ ಮಾರಾಟವಾಗುವುದು ಬಹುಪಾಲು ನೆನಪಿನ ಕಾಣಿಕೆಗಳು ಮತ್ತು ಕಾಫಿ. ಕೈಯಲ್ಲಿ ಯೆಮೆನಿ ಹೊಲಿಯಬಲ್ಲವರು ಬೆರಳೆಣಿಕೆಯಷ್ಟು. ಹದಗಾರರ ಕೇರಿ ತಣ್ಣಗಾಗಿದೆ.

ಊರಿಗೆ ಹೆಸರು ಕೊಟ್ಟ ಕೇಸರಿಯೂ ಹೀಗೆಯೇ ಕಣ್ಮರೆಯಾಗುವ ಹಂತ ತಲುಪಿ ಮರಳಿ ಬಂದದ್ದು. ಕಾಶ್ಮೀರದ ಪಾಂಪೊರ್‌ನಲ್ಲಿ ಬೆಳೆಯುವುದೂ ಇದೇ ಗಿಡ. ಸುತ್ತಲ ಕೆಲವು ಹಳ್ಳಿಗಳಲ್ಲಿ ಅಕ್ಟೋಬರ್-ನವೆಂಬರ್ ಹೊತ್ತಿಗೆ ಮುಂಜಾನೆ ಹೂ ಬಿಡಿಸುತ್ತಾರೆ. ಒಂದು ಹೂವಿಗೆ ಮೂರೇ ಎಳೆ. ಒಂದು ಕಿಲೋ ಒಣ ಕೇಸರಿಗೆ ಸುಮಾರು 1.5 ಲಕ್ಷ ಹೂ ಬೇಕು. ಈ ಗಿಡಕ್ಕೆ ಬೀಜ ಕಟ್ಟುವುದಿಲ್ಲ. ಗಡ್ಡೆಯನ್ನು ಯಾರಾದರೂ ಅಗೆದು, ಬೇರ್ಪಡಿಸಿ, ಮತ್ತೆ ನೆಟ್ಟರಷ್ಟೇ ಮುಂದಿನ ಬೆಳೆ. ಯೆಮೆನಿ ಹೊಲಿಯುವ ಕಲೆಯೂ ಹಾಗೆಯೇ. ಉಸ್ತಾದನ ಪಕ್ಕದಲ್ಲಿ ಕೂತು ಕಲಿಯುವ ಇನ್ನೊಂದು ಜೊತೆ ಕೈ ಅದಕ್ಕೆ ಬೇಕು. ಮನೆಗಳನ್ನು ಕಾಯಲು ಕಾನೂನು ಬಂದಿದೆ. ಆ ಕೈಗಳನ್ನು ಹುಡುಕುವ ಕೆಲಸ ಸಫ್ರಾನ್‌ಬೊಲು ಊರಿಗೆ ಇನ್ನೂ ಬಾಕಿ ಇದೆ.