ಸೈತಾನನ ಹೆಸರಿನಲ್ಲಿ ನಡೆದ ವಂಚನೆ

ನಾವು ಬಂಟವಾಳದ ಕಡೆಯ ಒಂದು ಶಾಲೆಯಲ್ಲಿ ಉಪಾಧ್ಯಾಯರಾಗಿದ್ದಾಗ, ಒಂದೇ ಬೆಂಚಿನಲ್ಲಿ ಕುಳಿತು ಓದುತ್ತಿದ್ದ ಇಬ್ಬರು ಬಾಲಕರು ಒಂದು ದಿನ ದೂರ ದೂರ ಕುಳಿತರು. ವಿಚಾರಿಸಲಾಗಿ, ತುಳುನಾಡಿನ ಭೂತಗಳೆಲ್ಲ ಸೈತಾನನ ಸೇನೆಯೆಂದು ಒಬ್ಬನು ಯಾವುದೋ ಕರಪತ್ರದಲ್ಲಿ ಓದಿದ್ದನು. ಅವನು ಕ್ರೈಸ್ತನು. ಮತ್ತೊಬ್ಬನ ಮನೆಯಲ್ಲಿ ಕಲ್ಲುರ್ಟಿಯ ಆರಾಧನೆಯಿತ್ತು. ಅಂದು ಅವರಿಗೆ ಹೇಳಿದ ವೃತ್ತಾಂತವನ್ನೇ ಈಗ ವಾಚಕರ ಮುಂದಿಡುತ್ತೇವೆ.

ಫ್ರಾನ್ಸ್ ದೇಶದಲ್ಲಿ ಲಿಯೋ ತಾಕ್ಸಿಲ್ ಎಂಬ ಲೇಖಕನಿದ್ದನು. ಪಾದ್ರಿಗಳನ್ನು ಹಳಿದು ಪುಸ್ತಕ ಬರೆಯುತ್ತಿದ್ದ ಈತನು 1885ರಲ್ಲಿ ಪಶ್ಚಾತ್ತಾಪವನ್ನು ನಟಿಸಿ ಕ್ಯಾಥೊಲಿಕ್ ಸಭೆಗೆ ಮರಳಿದನು. ಫ್ರೀಮೇಸನ್ ಸಂಘದವರು ಗುಪ್ತವಾಗಿ ಸೈತಾನನನ್ನು ಪೂಜಿಸುತ್ತ ಲೋಕವನ್ನೇ ಕೆಡಿಸಲು ಒಳಸಂಚು ಹೂಡಿರುವರೆಂದು ಸಾರಿದನು. 1887ರಲ್ಲಿ ಅವನಿಗೆ ಪೋಪರ ದರ್ಶನವೂ ಲಭಿಸಿತು. 1892ರಿಂದ 'ಡಾಕ್ಟರ್ ಬತಾಯ್' ಎಂಬ ಹುಸಿಹೆಸರಿನಲ್ಲಿ ಬಿಡಿಬಿಡಿಯಾಗಿ ಹೊರಟ ಗ್ರಂಥವು ಸಿಂಹಳ, ಪಾಂಡಿಚೇರಿ, ಕಲಕತ್ತೆಗಳ ಸೈತಾನಪೂಜೆಯನ್ನು ಕಣ್ಣಾರೆ ಕಂಡಂತೆ ವರ್ಣಿಸಿತು. ಪಿಯಾನೋ ನುಡಿಸುವ ಮೊಸಳೆಯೂ ಅದರಲ್ಲಿತ್ತು! ಡಯಾನಾ ವಾನ್ ಎಂಬ ಸ್ತ್ರೀಯು ಆ ಪೂಜೆಯನ್ನು ತೊರೆದು ಬಂದಳೆಂಬ ಕಥೆಯನ್ನು ಭಕ್ತಜನರು ನಂಬಿದರು. ಸಂದೇಹಪಟ್ಟವರಲ್ಲಿ ಗ್ರೂಬರ್ ಎಂಬ ಜೆಸುಯಿಟ್ ಪಾದ್ರಿಯೂ ಇದ್ದರೆಂಬುದನ್ನು ಮರೆಯಬಾರದು. 1897ರ ಏಪ್ರಿಲ್ 19ರಂದು ಆಕೆಯನ್ನು ತೋರಿಸುವೆನೆಂದು ಪ್ಯಾರಿಸ್ ನಗರದ ಭೂಗೋಳ ಸಂಘದ ಭವನಕ್ಕೆ ಜನರನ್ನು ಕರೆದ ತಾಕ್ಸಿಲನು, ಎಲ್ಲವೂ ತಾನು ಕಟ್ಟಿದ ಸುಳ್ಳೆಂದು ಒಪ್ಪಿಕೊಂಡನು. ಆ ಬಳಿಕವೂ ಕೆಲವರು ನಂಬಿಕೆಯನ್ನು ಬಿಡಲಿಲ್ಲ. ಭಯದ ಬೆಳೆಗೆ ಸತ್ಯದ ನೀರು ಬೇಕಾಗುವುದಿಲ್ಲ.

ಇದೇ ಕಾಲದಲ್ಲಿ, 1894ರಿಂದ 1897ರವರೆಗೆ, ನಮ್ಮ ಸೀಮೆಯ ಪಾಡ್ದನಗಳು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚಾದುವು. ಅವುಗಳನ್ನು ಸಂಗ್ರಹಿಸಿದವರು ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದು 1882ರಲ್ಲಿ ತೀರಿಕೊಂಡ ಬರ್ನೆಲ್ಲರು. ಅವರು ವಂಚಕರಲ್ಲ, ಸಂಸ್ಕೃತ ವಿದ್ವಾಂಸರು. ಅವರ ಉಪಕಾರವನ್ನು ನೆನೆಯಬೇಕು. ಆದರೆ ಲೇಖನಮಾಲೆಯ ಶಿರೋನಾಮವು 'ತುಳುವರ ಸೈತಾನಪೂಜೆ' ಎಂಬರ್ಥದ್ದಾಗಿತ್ತು.

ಹೆಸರು ಸಲ್ಲುವುದೇ? ಸೈತಾನನೆಂಬ ಹೀಬ್ರೂ ಶಬ್ದಕ್ಕೆ ವಿರೋಧಿಯೆಂದರ್ಥ. ಭೂತಶಬ್ದವಾದರೋ ಇರುವಿಕೆಯನ್ನು ಹೇಳುವ 'ಭೂ' ಧಾತುವಿನಿಂದ ಹುಟ್ಟಿತು. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡನ ಒಂದು ಕೈಯನ್ನೂ ಒಂದು ಕಾಲನ್ನೂ ಅರಸನು ಕಡಿಸಿದನಂತೆ. ಉಳಿದ ಕೈಯಿಂದ ಅವನು ಬೆಳ್ತಂಗಡಿ ಸೀಮೆಯ ವೇಣೂರಿನ ಗೊಮ್ಮಟನನ್ನು ಕಡೆದನಂತೆ. ವೇಣೂರಿನ ಮೂರ್ತಿ ನಿಂತುದು 1604ರಲ್ಲಿ. ಕಲ್ಕುಡನೂ ತಂಗಿ ಕಲ್ಲುರ್ಟಿಯೂ ದೈವಗಳಾಗಿ ನ್ಯಾಯ ಬೇಡಿದರು. ಇದರಲ್ಲಿ ದೇವವಿರೋಧವೆಲ್ಲಿದೆ? ಸಾವಿರ ಕಂಬದ ಬಸದಿಯಿರುವ ಮೂಡುಬಿದಿರೆಯ ಸುತ್ತಲಿನ ಜೈನ ಮನೆತನಗಳೂ ದೈವಗಳಿಗೆ ನೇಮ ಕೊಡುತ್ತವೆ.

ಗುಪ್ತ ಸಂಚಿನ ಸುದ್ದಿ ಮನೆಗೆ ಬಂದಾಗ ಗೃಹಸ್ಥನು ಮೂರು ಪ್ರಶ್ನೆ ಕೇಳಲಿ: ಕಂಡವರಾರು? ನಾವು ಹೋಗಿ ನೋಡಬಹುದೇ? ಇದನ್ನು ಹೇಳುವವನಿಗೆ ದೊರೆಯುವುದೇನು?

ಆ ಬಾಲಕರು ಅಂದೇ ಒಂದಾದರೆಂದು ಹೇಳಲಾರೆವು. ಆದರೆ ಕಲ್ಕುಡನಿಗೆ ಉಳಿದುದು ಯಾವ ಕೈಯೆಂದು ಕ್ರೈಸ್ತ ಬಾಲಕನು ಕೇಳಿದನು. ಉತ್ತರವನ್ನು ಹೇಳಿದವರು ನಾವಲ್ಲ, ಅವನ ಹಳೆಯ ಜೊತೆಗಾರನು.